ರೋಬೋಟ್‌ಗಳು ನಮ್ಮ ಜಾಗಕ್ಕೆ ಬಂದುಬಿಡ್ತವಾ?

ಮೊನ್ನೆ ಒಂದು ಗೃಹಪ್ರವೇಶದ ಊಟಕ್ಕೆ ಕೂತಿದ್ದೆ. ಎಲೆಗೆ ಉಪ್ಪು, ಉಪ್ಪಿನಕಾಯಿ, ಕೋಸಂಬರಿ ಎಲ್ಲ ಬಿದ್ದಾಗಿತ್ತು. ಪಕ್ಕದ ಎಲೆಯಲ್ಲಿ ದೂರದ ನೆಂಟರೊಬ್ಬರು ಕೂತಿದ್ದರು, ಬ್ಯಾಂಕಿನಿಂದ ನಿವೃತ್ತರಾದವರು. ನಾನು ಯಾರ ಮನೆಯ ಮಗ ಅಂತ ಗೊತ್ತಾದ ಕೂಡಲೇ ಕೇಳಿಯೇಬಿಟ್ಟರು: "ನೀನು ಆ ರೋಬೋಟ್ ಕತೆಗಳನ್ನೆಲ್ಲ ಓದ್ತೀಯಂತಲ್ಲಪ್ಪಾ. ನಿಜ ಹೇಳು, ಅವು ನಮ್ಮ ಜಾಗಕ್ಕೆ ಬಂದುಬಿಡ್ತವಾ? ಈ ಕ್ಲೋನಿಂಗ್ ಅಂತಾರಲ್ಲ, ನಮ್ಮಂಥದ್ದೇ ಇನ್ನೊಂದು ಮಾಡಿ ನಮ್ಮನ್ನ ಮೂಲೆಗೆ ಕೂರಿಸ್ತಾರಾ?"

ಕೇಳುವಾಗ ಅವರ ಕೈ ಎಲೆಗೆ ಅಡ್ಡ ಇತ್ತು. ಸಾರಿನ ಬಕೆಟ್ ಹಿಡಿದ ಹುಡುಗ ಬಗ್ಗಿದವನು ಹಾಗೇ ಬಗ್ಗಿಕೊಂಡು ಕಾಯುತ್ತಿದ್ದ. ಅವರು ಅವನನ್ನು ನೋಡಲೇ ಇಲ್ಲ.

ಈ ಪ್ರಶ್ನೆ ನನಗೆ ಹೊಸದಲ್ಲ. ಪಿಯುಸಿ ಮಕ್ಕಳ ಅಪ್ಪ ಅಮ್ಮ ಕೇಳುತ್ತಾರೆ, ಆಫೀಸಿನ ಗೆಳೆಯರು ಕೇಳುತ್ತಾರೆ, ಸಿನಿಮಾ ನೋಡಿ ಬಂದ ರಾತ್ರಿ ತಂಗಿ ಫೋನ್ ಮಾಡಿ ಕೇಳುತ್ತಾಳೆ. ಊಟದ ಪಂಕ್ತಿಯಲ್ಲಿ ಹೇಳಿ ಮುಗಿಸುವ ಉತ್ತರ ಅಲ್ಲವಾದ್ದರಿಂದ ಸುಮ್ನೆ ನಕ್ಕು "ನೋಡೋಣ ಬಿಡಿ" ಅಂದಿರುತ್ತೇನೆ. ಪೂರ್ತಿ ಉತ್ತರ ಇಲ್ಲಿದೆ.

ಮೊದಲು ಆ ಪದದಿಂದ ಶುರು ಮಾಡುತ್ತೇನೆ, ಯಾಕೆಂದರೆ ಅರ್ಧ ಉತ್ತರ ಅಲ್ಲೇ ಇದೆ. 'ರೋಬೋಟ್' ಅನ್ನುವ ಪದ ಜಗತ್ತಿಗೆ ಬಂದದ್ದು ಒಂದು ನಾಟಕದಿಂದ. ಬರೆದವರು ಚೆಕ್ ಲೇಖಕ ಕಾರೆಲ್ ಚಾಪೆಕ್. ನಾಟಕದ ಹೆಸರು 'ಆರ್.ಯು.ಆರ್.', ಅಂದರೆ 'ರೊಸ್ಸುಮ್ಸ್ ಯೂನಿವರ್ಸಲ್ ರೋಬೋಟ್ಸ್', ಕತೆಯಲ್ಲಿ ಬರುವ ಕಂಪನಿಯ ಹೆಸರು. 1920ರಲ್ಲಿ ಅಚ್ಚಾಯಿತು, 1921ರ ಜನವರಿಯಲ್ಲಿ ಪ್ರಾಗ್‌ನ ರಾಷ್ಟ್ರೀಯ ರಂಗಮಂದಿರದಲ್ಲಿ ಆಡಿದರು. ಪದ ಮಾತ್ರ ಅವರದ್ದಲ್ಲ. ಅದರ ಕತೆಯನ್ನು ಅವರೇ ಹೇಳಿಕೊಂಡಿದ್ದಾರೆ. ಅಣ್ಣ ಯೋಸೆಫ್ ಚಿತ್ರಕಾರ. ಈಸೆಲ್ ಮುಂದೆ ನಿಂತು ಚಿತ್ರ ಬರೆಯುತ್ತಿದ್ದರಂತೆ. ತಮ್ಮ ಹೋಗಿ, "ನನ್ನ ನಾಟಕದ ಈ ಕೃತಕ ಆಳುಗಳಿಗೆ ಏನು ಹೆಸರಿಡೋದು ಗೊತ್ತಾಗ್ತಿಲ್ಲ, 'ಲಾಬೊರಿ' ಅಂದರೆ ತೀರಾ ಪುಸ್ತಕದ ಮಾತಾಗುತ್ತೆ" ಅಂದರು. ಅಣ್ಣ ಬಾಯಲ್ಲಿ ಕುಂಚ ಕಚ್ಚಿಕೊಂಡೇ, "ಹಾಗಾದ್ರೆ ರೋಬೋಟ್ ಅನ್ನು" ಅಂತ ಗೊಣಗಿ ಮತ್ತೆ ಚಿತ್ರಕ್ಕೆ ತಿರುಗಿದರು.

ಚೆಕ್ ಭಾಷೆಯಲ್ಲಿ 'ರೊಬೊತಾ' ಅಂದರೆ ಬಿಟ್ಟಿ ಚಾಕರಿ. ರೈತ ತನ್ನ ಜಮೀನ್ದಾರನ ಹೊಲದಲ್ಲಿ ಕೂಲಿಯಿಲ್ಲದೆ ಮಾಡಲೇಬೇಕಿದ್ದ ದುಡಿಮೆ. ಅದು ಎಷ್ಟು ಸಾಮಾನ್ಯವಾಗಿತ್ತೆಂದರೆ, 1775ರಲ್ಲಿ ಸಾಮ್ರಾಜ್ಞಿ ಮರಿಯಾ ತೆರೇಸಾ ಬೊಹೀಮಿಯಾಕ್ಕೆ (ಈಗಿನ ಚೆಕ್ ದೇಶದ ಭಾಗ) ಹೊರಡಿಸಿದ ಆಜ್ಞೆಯೊಂದರ ಹೆಸರೇ 'ರೋಬೋಟ್ ಪೇಟೆಂಟ್'. ಇವತ್ತು ಕೇಳಿದರೆ ಯಾವುದೋ ಟೆಕ್ ಕಂಪನಿಯ ಸುದ್ದಿ ಅನ್ನಿಸುತ್ತೆ, ಅಲ್ವಾ? ವಿಷಯ ಬೇರೆ: ವಾರಕ್ಕೆ ಮೂರು ದಿನಕ್ಕಿಂತ ಜಾಸ್ತಿ ಬಿಟ್ಟಿ ದುಡಿಸಿಕೊಳ್ಳಬಾರದು ಅಂತ. ಆ ಪದ್ಧತಿ ಪೂರ್ತಿ ಹೋದದ್ದು 1848ರಲ್ಲಿ. ನಾಟಕ ನೋಡಲು ಬಂದ ಪ್ರಾಗ್‌ನ ಜನರಲ್ಲಿ ಅನೇಕರ ಮುತ್ತಜ್ಜಂದಿರು ರೊಬೊತಾ ಮಾಡಿದವರೇ ಇದ್ದಿರಬೇಕು. ಅವರ ಕಿವಿಗೆ 'ರೋಬೋಟ್' ಅನ್ನುವ ಪದ ತಗಡಿನ ಸದ್ದು ಮಾಡಿರಲಿಕ್ಕಿಲ್ಲ.

ನಮ್ಮ 'ಬಿಟ್ಟಿ'ಯ ಗತಿ ಇನ್ನೂ ತಮಾಷೆ. ಹಳೆಯ ಶಾಸನಗಳಲ್ಲಿ ಬಿಟ್ಟಿ ಅಂದರೆ ಇದೇ ರೊಬೊತಾ, ಕೂಲಿ ಕೊಡದೆ ಮಾಡಿಸಿಕೊಳ್ಳುವ ಕೆಲಸ. ಈಗ ಬಿಟ್ಟಿ ಅಂದರೆ ಪುಕ್ಕಟೆ ಸಿಕ್ಕಿದ್ದು. "ಬಿಟ್ಟಿ ಊಟ", "ಬಿಟ್ಟಿ ಟಿಕೆಟ್". ಮಾಡಿದವನ ಕಡೆಯಿಂದ ನೋವಿನ ಪದವಾಗಿದ್ದದ್ದು ತಗೊಂಡವನ ಕಡೆಗೆ ಬಂದು ಲಾಭದ ಪದವಾಗಿ ಕೂತಿದೆ. ರೋಬೋಟ್ ಅನ್ನುವ ಪದಕ್ಕೂ ಹೆಚ್ಚುಕಡಿಮೆ ಇದೇ ಆಯಿತು.

ನಾಟಕದ ಕತೆಗೆ ಬರುತ್ತೇನೆ. ಒಂದು ದ್ವೀಪ. ಅಲ್ಲಿ ರೋಬೋಟ್ ಫ್ಯಾಕ್ಟರಿ. ನೆನಪಿಡಿ, ಇವು ಕಬ್ಬಿಣದ ರೋಬೋಟ್‌ಗಳಲ್ಲ. ಹಿಟ್ಟು ಕಲಸುವ ಹಾಗೆ ತೊಟ್ಟಿಗಳಲ್ಲಿ ಕಲಸಿ ಮಾಡಿದ ಮಾಂಸದವು, ನೋಡಲು ಥೇಟ್ ಮನುಷ್ಯರು. ನಮ್ಮ ನೆಂಟರು ಎರಡು ಪ್ರಶ್ನೆ ಕೇಳಿದೆ ಅಂದುಕೊಂಡಿದ್ದರು. ರೋಬೋಟ್, ಕ್ಲೋನ್ ಎರಡೂ ಹುಟ್ಟುವಾಗ ಒಂದೇ ತೊಟ್ಟಿಯಲ್ಲಿದ್ದವು. ಫ್ಯಾಕ್ಟರಿಯ ಮುಖ್ಯಸ್ಥನದ್ದು ದೊಡ್ಡ ಕನಸು: ರೋಬೋಟ್‌ಗಳು ಎಲ್ಲ ಕೆಲಸ ಮಾಡುತ್ತವೆ, ಎಲ್ಲವೂ ಅಗ್ಗವಾಗುತ್ತೆ, ಮನುಷ್ಯ ದುಡಿಯುವ ಹಂಗಿಲ್ಲದೆ ಹಾಯಾಗಿರುತ್ತಾನೆ.

ಇಲ್ಲಿ ಎರಡು ಸಣ್ಣ ವಿವರ ಇವೆ. ಎಷ್ಟು ಸಲ ಓದಿದರೂ ನನ್ನನ್ನು ಅಲ್ಲೇ ನಿಲ್ಲಿಸುತ್ತವೆ.

ಮೊದಲನೆಯದು ನೋವು. ಫ್ಯಾಕ್ಟರಿಯವರು ರೋಬೋಟ್‌ಗಳಿಗೆ ನೋವಿನ ನರ ಹಾಕಲು ಹೊರಟಿದ್ದಾರೆ. ಕರುಣೆಯಿಂದಲ್ಲ. ನೋವಾಗದಿದ್ದರೆ ಅವು ಮೆಷಿನ್‌ಗೆ ಕೈ ಕೊಟ್ಟು ಬೆರಳು ಮುರಿದುಕೊಳ್ಳುತ್ತವೆ, ಕಂಪನಿಗೆ ನಷ್ಟ. ಲೆಕ್ಕ ಅಷ್ಟೇ.

ಎರಡನೆಯದು 'ರೋಬೋಟ್ ಸೆಳೆತ' ಅಂತ ಅವರು ಕರೆಯುವ ಒಂದು ರೋಗ. ಇದ್ದಕ್ಕಿದ್ದ ಹಾಗೆ ಒಂದು ರೋಬೋಟ್ ಕೈಯಲ್ಲಿದ್ದದ್ದನ್ನು ಬಿಸಾಕಿ, ಸೆಟೆದು ನಿಂತು, ಹಲ್ಲು ಕಡಿಯುತ್ತದೆ. ಮುಖ್ಯಸ್ಥ ಅದನ್ನು ತಯಾರಿಕೆಯ ದೋಷ ಅನ್ನುತ್ತಾನೆ. ಅಂಥದ್ದನ್ನು ಪುಡಿ ಮಾಡುವ ಗಿರಣಿಗೆ ಕಳಿಸುತ್ತಾರೆ. ಅವುಗಳ ಪರವಾಗಿ ಮಾತಾಡಲು ಬಂದ ಹೆಲೆನಾ ಮಾತ್ರ, ಅದು ದೋಷ ಅಲ್ಲ, ಆತ್ಮ ಅನ್ನುತ್ತಾಳೆ. ಇದನ್ನು ಓದುವಾಗ ನನಗೆ ನಮ್ಮ ಕಡೆ ಹಿರಿಯರ ಬಾಯಲ್ಲಿ ಕೇಳಿದ ಒಂದು ಪದ ನೆನಪಾಗುತ್ತೆ. ಆಳು ಕತ್ತಿ ಬಿಸಾಕಿ ಎದ್ದು ಹೋದರೆ, "ಅವನಿಗೆ ಸೊಕ್ಕು ಬಂದಿದೆ" ಅನ್ನುತ್ತಿದ್ದರು. ದೋಷ, ಸೊಕ್ಕು, ಆತ್ಮ. ಯಾರು ಹೆಸರಿಡುತ್ತಾರೆ ಅನ್ನೋದರ ಮೇಲೆ ಹೋಗುತ್ತೆ.

ಮುಂದಿನದ್ದನ್ನು ನೀವೇ ಊಹಿಸಿರುತ್ತೀರಿ. ಕೆಲಸ ಕಳೆದುಕೊಂಡ ಜನ ರೋಬೋಟ್‌ಗಳ ಮೇಲೆ ಬೀಳುತ್ತಾರೆ, ಸರ್ಕಾರಗಳು ಅವುಗಳ ಕೈಗೆ ಬಂದೂಕು ಕೊಡುತ್ತವೆ, ಮನುಷ್ಯರಿಗೆ ಮಕ್ಕಳಾಗುವುದು ನಿಲ್ಲುತ್ತದೆ, ರೋಬೋಟ್‌ಗಳು ತಿರುಗಿ ಬೀಳುತ್ತವೆ. ಮಧ್ಯದಲ್ಲಿ ಮುಖ್ಯಸ್ಥನಿಗೆ ಇನ್ನೊಂದು ಐಡಿಯಾ ಹೊಳೆದಿರುತ್ತದೆ: ದೇಶಕ್ಕೊಂದು ಬಣ್ಣದ, ದೇಶಕ್ಕೊಂದು ಭಾಷೆಯ ರೋಬೋಟ್ ಮಾಡೋಣ, ಆಗ ಅವು ಒಂದನ್ನೊಂದು ದ್ವೇಷಿಸುತ್ತಾ ಇರುತ್ತವೆ, ಒಟ್ಟಾಗೋದಿಲ್ಲ. (ಇದನ್ನು 1920ರಲ್ಲಿ ಬರೆದದ್ದು ಅಂತ ನನಗೇ ಆಗಾಗ ನೆನಪಿಸಿಕೊಳ್ಳಬೇಕಾಗುತ್ತೆ.) ಅಷ್ಟರಲ್ಲಿ ಕಾಲ ಮಿಂಚಿರುತ್ತದೆ. ರೋಬೋಟ್‌ಗಳು ಎಲ್ಲರನ್ನೂ ಕೊಂದು ಒಬ್ಬನನ್ನು ಉಳಿಸುತ್ತವೆ, ಕಟ್ಟಡ ಕಟ್ಟಿಸುವ ಆಲ್ಕ್ವಿಸ್ಟ್‌ನನ್ನು. ಯಾಕೆ? ಅವನು ತಮ್ಮ ಹಾಗೆ ಕೈಯಿಂದ ಕೆಲಸ ಮಾಡುವವನು ಅಂತ.

ನನ್ನ ಉತ್ತರದ ತಿರುಳು ಇದೇ. ಈ ಕತೆಗಳಲ್ಲಿರುವುದು ಯಜಮಾನನ ಭಯ. ಆಳು ಒಂದು ದಿನ ತಲೆ ಎತ್ತಿ ನೋಡಿದರೆ ಏನು ಗತಿ ಅನ್ನುವ ಭಯ. ಚಾಪೆಕ್‌ಗೆ ಅದು ಗೊತ್ತಿತ್ತು. ಅವರ ನಂತರ ಬಂದ ಎಷ್ಟೋ ಕತೆ, ಸಿನಿಮಾಗಳಿಗೆ ಅದು ಮರೆತುಹೋಯಿತು. ರೋಬೋಟ್‌ಗೆ ಕೆಂಪು ಕಣ್ಣು ಬಂತು, ಕೈಯಲ್ಲಿ ಗನ್ ಬಂತು. ಅದನ್ನು ಹಗಲೂ ರಾತ್ರಿ ದುಡಿಸಿಕೊಂಡವನು ಮಾತ್ರ ಪರದೆಯಿಂದ ಮಾಯವಾದ.

ಇಷ್ಟು ಹೇಳಿದರೆ ಯಾರಾದರೂ "ನಮ್ಮ ಭಸ್ಮಾಸುರನ ಕತೆಯೂ ಅದೇ ತಾನೆ" ಅನ್ನುತ್ತಾರೆ. ಅಲ್ಲ. ಭಸ್ಮಾಸುರ ತಪಸ್ಸು ಮಾಡಿ ವರ ಪಡೆದವನು. ಶಿವನ ಮನೆಯ ಕಸ ಗುಡಿಸುತ್ತಿದ್ದವನಲ್ಲ.

ಅಮೆರಿಕದ ವಿಜ್ಞಾನ ಕತೆಗಾರ ಐಸಾಕ್ ಅಸಿಮೊವ್‌ಗೆ ಈ ದಂಗೆಯ ಕತೆಗಳು ಸಾಕಾಗಿದ್ದವು. ಹಾಗಾಗಿ 1942ರ ಒಂದು ಕತೆಯಲ್ಲಿ ಅವರು ರೋಬೋಟ್‌ಗಳಿಗೆ ಮೂರು ನಿಯಮ ಹಾಕಿದರು. ಮನುಷ್ಯನಿಗೆ ಕೇಡು ಮಾಡಬಾರದು, ಕೇಡಾಗುವಾಗ ಸುಮ್ಮನೆಯೂ ಇರಬಾರದು. ಅದಕ್ಕೆ ಅಡ್ಡಿಯಾಗದ ಹಾಗೆ ಮನುಷ್ಯ ಹೇಳಿದ್ದನ್ನು ಕೇಳಬೇಕು. ಈ ಎರಡಕ್ಕೂ ಅಡ್ಡಿಯಾಗದ ಹಾಗೆ ತನ್ನನ್ನು ಕಾಪಾಡಿಕೊಳ್ಳಬೇಕು. ನನಗೆ ಅಸಿಮೊವ್ ಇಷ್ಟ. ಹದಿನಾರನೇ ವಯಸ್ಸಿನಲ್ಲಿ ಈ ನಿಯಮಗಳು ವೇದವಾಕ್ಯ ಅನ್ನಿಸಿದ್ದವು. ಈಗ ಅದೇ ಸಾಲುಗಳಲ್ಲಿ 'ರೋಬೋಟ್' ಇರುವಲ್ಲಿ 'ಜೀತದಾಳು' ಅಂತ ಹಾಕಿ ಓದಿದರೆ ಬೆನ್ನು ತಣ್ಣಗಾಗುತ್ತೆ. ಧಣಿಗೆ ಕೈ ಎತ್ತಬೇಡ, ಹೇಳಿದ್ದು ಕೇಳು, ಕಾಯಿಲೆ ಬೀಳದ ಹಾಗೆ ಮೈ ನೋಡಿಕೋ.

ಕ್ಲೋನ್ ವಿಷಯ ಬೇಗ ಹೇಳಿ ಮುಗಿಸುತ್ತೇನೆ, ಅಲ್ಲಿ ಹೆದರಿಕೆಗಿಂತ ತಪ್ಪು ತಿಳಿವಳಿಕೆಯೇ ಜಾಸ್ತಿ. ಸಿನಿಮಾದಲ್ಲಿ ಗಾಜಿನ ತೊಟ್ಟಿಯಿಂದ ಮೂವತ್ತು ವರ್ಷದ ನಾಯಕನ ಪಡಿಯಚ್ಚು ಎದ್ದು ಬರುತ್ತದೆ, ಅವನ ನೆನಪುಗಳನ್ನೂ ಹೊತ್ತುಕೊಂಡು. ನಿಜವಾದ ಕ್ಲೋನ್ ಅಂದರೆ ತಡವಾಗಿ ಹುಟ್ಟಿದ ಅವಳಿ. ಸ್ಕಾಟ್ಲೆಂಡಿನ ರೋಸ್ಲಿನ್ ಸಂಸ್ಥೆಯಲ್ಲಿ 1996ರ ಜುಲೈ 5ರಂದು ಹುಟ್ಟಿದ ಡಾಲಿ ಅನ್ನುವ ಕುರಿಯನ್ನೇ ನೋಡಿ. ಆರು ವರ್ಷದ ಒಂದು ಕುರಿಯ ಕೆಚ್ಚಲಿನ ಜೀವಕೋಶದಿಂದ ಬಂದದ್ದು. 277 ಸಲ ಮಾಡಿದ ಪ್ರಯತ್ನದಲ್ಲಿ ಬದುಕಿ ಹುಟ್ಟಿದ್ದು ಅದೊಂದೇ. ಅದೂ ಇನ್ನೊಂದು ಕುರಿಯ ಹೊಟ್ಟೆಯಲ್ಲಿ ಬೆಳೆದು, ಮರಿಯಾಗಿಯೇ ಹುಟ್ಟಿ, ಹಾಲು ಕುಡಿದು ದೊಡ್ಡದಾಯಿತು. ತಾನೂ ಮರಿ ಹಾಕಿತು. ಶ್ವಾಸಕೋಶದ ಕಾಯಿಲೆ ಬಂದು 2003ರ ಫೆಬ್ರವರಿಯಲ್ಲಿ ಅದಕ್ಕೆ ದಯಾಮರಣ ಕೊಟ್ಟರು. ನಮ್ಮ ದೇಶದಲ್ಲೂ ಕರ್ನಾಲ್‌ನ ರಾಷ್ಟ್ರೀಯ ಡೈರಿ ಸಂಶೋಧನಾ ಸಂಸ್ಥೆಯವರು 2009ರಲ್ಲಿ ಎಮ್ಮೆಯ ಕ್ಲೋನ್ ಮಾಡಿದರು. ಕರುವೇ ಹುಟ್ಟಿತು. ಯಾವ ಎಮ್ಮೆಯೂ ಕೆಲಸ ಕಳೆದುಕೊಳ್ಳಲಿಲ್ಲ.

ಕ್ಲೋನ್‌ಗಳಿಂದ ನಿಜವಾದ ಅಪಾಯ ಏನು ಅಂತ ಕೇಳಿದರೆ ನಾನು ಬಾಳೆತೋಟ ತೋರಿಸುತ್ತೇನೆ. ಬಾಳೆ ಬೆಳೆಸುವುದು ಕಂದು ಕಿತ್ತು ನೆಟ್ಟು. ಅಂದರೆ ತೋಟದ ಗಿಡವೆಲ್ಲ ಒಂದರ ಕ್ಲೋನ್ ಇನ್ನೊಂದು. ಮಣ್ಣಿನಲ್ಲಿರುವ ಪನಾಮ ಸೊರಗು ರೋಗದ ಶಿಲೀಂಧ್ರಕ್ಕೆ ಒಂದು ಗಿಡ ಸೋತಿತೆಂದರೆ ಪಕ್ಕದ್ದೂ ಸೋಲುತ್ತದೆ. ನಂಜನಗೂಡು ರಸಬಾಳೆ ಅಷ್ಟು ಅಪರೂಪ ಆಗಿಹೋದದ್ದರ ಹಿಂದೆ ಈ ರೋಗ ಇದೆ. ಇದರ ಮೇಲೆ ಯಾರೂ ಥ್ರಿಲ್ಲರ್ ಸಿನಿಮಾ ತೆಗೆಯೋದಿಲ್ಲ ಬಿಡಿ.

ಕ್ಲೋನ್ ಕತೆಗಳಲ್ಲಿ ನನ್ನ ನಿದ್ದೆ ಕೆಡಿಸಿದ್ದು ಒಂದೇ, ಕಜುವೊ ಇಶಿಗುರೊ 2005ರಲ್ಲಿ ಬರೆದ ಕಾದಂಬರಿ 'ನೆವರ್ ಲೆಟ್ ಮಿ ಗೋ'. ಅಲ್ಲಿ ಕ್ಲೋನ್ ಮಕ್ಕಳನ್ನು ಬೆಳೆಸುವುದೇ ಮುಂದೆ ಅವರ ಅಂಗಾಂಗ ತೆಗೆದು ಬೇರೆಯವರಿಗೆ ಹಾಕಲು. ಆ ಮಕ್ಕಳು ದಂಗೆ ಏಳೋದಿಲ್ಲ, ಓಡಿಹೋಗೋದೂ ಇಲ್ಲ. ಚಿತ್ರ ಬರೆಯುತ್ತಾರೆ, ಜಗಳ ಆಡುತ್ತಾರೆ, ಪ್ರೀತಿಸುತ್ತಾರೆ, ಕರೆ ಬಂದಾಗ ಹೋಗಿ ಮಲಗುತ್ತಾರೆ. ಅಲ್ಲಿ ಯಾರೂ ಯಾರ ಜಾಗಕ್ಕೂ ಬರಲಿಲ್ಲ. ಮೈಯೇ ಬಿಟ್ಟಿಗೆ ಹೋಯಿತು.

ಸರಿ, ಕತೆ ಬಿಡು, ನಿಜವಾಗಿ ಏನಾಗುತ್ತೆ ಹೇಳು ಅಂತೀರಿ. ಮುಂದಿನದ್ದು ಹೇಳುವ ಧೈರ್ಯ ನನಗಿಲ್ಲ. ನಾನು ಕಣ್ಣಾರೆ ನೋಡಿದ ಒಂದೇ ಒಂದು 'ಜಾಗಕ್ಕೆ ಬಂದದ್ದು' ಹೇಳುತ್ತೇನೆ.

ನಮ್ಮದು ಮಲೆನಾಡಿನ ಅಡಿಕೆ ತೋಟದ ಮನೆ. ನಾನು ಚಿಕ್ಕವನಿದ್ದಾಗ ಕೊಯ್ಲಿನ ದಿನಗಳಲ್ಲಿ ರಾತ್ರಿ ಅಂಗಳದ ಚಪ್ಪರದ ಕೆಳಗೆ ಹತ್ತು ಹದಿನೈದು ಹೆಂಗಸರು ಮೆಟ್ಟುಗತ್ತಿ ಹಾಕಿಕೊಂಡು ಹಸಿ ಅಡಿಕೆ ಸುಲಿಯುತ್ತಿದ್ದರು. ಡಬ್ಬದ ಲೆಕ್ಕದಲ್ಲಿ ಕೂಲಿ. ಕತೆ, ನಗು, ಯಾರದೋ ಮನೆಯ ಜಗಳದ ಸುದ್ದಿ. ನಮಗೆ ಮಕ್ಕಳಿಗೆ ಅದು ಹಬ್ಬ. ಅವರ ಬೆರಳು ಅಡಿಕೆಯ ಚೊಗರಿಗೆ ಕಪ್ಪಾಗಿ, ಬಿರುಕು ಬಿಟ್ಟು, ತಿಂಗಳುಗಟ್ಟಲೆ ಹಾಗೇ ಇರುತ್ತಿತ್ತು ಅನ್ನೋದು ನನಗೆ ಕಂಡದ್ದು ಬಹಳ ತಡವಾಗಿ. ಒಬ್ಬ ಅಜ್ಜಿ ಊಟಕ್ಕೆ ಕೂತಾಗ ಸಾರಿನ ಖಾರ ಬೆರಳಿನ ಬಿರುಕಿಗೆ ತಾಗಿ ಕೈ ಝಾಡಿಸಿಕೊಂಡದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಈಗ ಆ ಅಂಗಳದಲ್ಲಿ ಅಡಿಕೆ ಸುಲಿಯುವ ಮೆಷಿನ್ ಇದೆ. ಕಿವಿ ಕಿತ್ತುಹೋಗುವಷ್ಟು ಸದ್ದು, ಕೆಲವು ಅಡಿಕೆ ಒಡೆದೂ ಹಾಕುತ್ತೆ. ಊರಿಗೆ ಹೋದಾಗ ನಾನು "ಮೊದಲೇ ಚೆನ್ನಾಗಿತ್ತು" ಅಂತ ಬೇಜಾರು ಮಾಡಿಕೊಳ್ಳುತ್ತಿದ್ದೆ, ಮೆಷಿನ್ ಬಂದು ಆ ಹೆಂಗಸರ ಕೆಲಸ ತೆಗೆಯಿತು ಅಂತ. ಅಪ್ಪ ತಿದ್ದಿದರು. ಕೆಲವರು ಗಾರ್ಮೆಂಟ್ಸಿಗೆ ಹೋದರು, ಕೆಲವರ ಮಕ್ಕಳು ಓದಿ ಅಮ್ಮಂದಿರನ್ನು ಬಿಡಿಸಿಕೊಂಡರು. ಎರಡು ಕೊಯ್ಲು ಸುಲಿಯುವವರೇ ಸಿಗದೆ ಒದ್ದಾಡಿದ ಮೇಲೆ ಮೆಷಿನ್ ತಂದದ್ದು. ಮೊದಲು ಹೋದದ್ದು ಜನ. ಆಮೇಲೆ ಬಂದದ್ದು ಮೆಷಿನ್. ಎಲ್ಲ ಕಡೆಯೂ ಹೀಗೇ ಆಗುತ್ತೆ ಅಂತ ನಾನು ಹೇಳೋದಿಲ್ಲ. ಹೋಗಲು ಬೇರೆ ಜಾಗ ಇದ್ದವರಿಗೆ ಮೆಷಿನ್ ಬಂದದ್ದೇ ಗೊತ್ತಾಗಲಿಲ್ಲ. ಜಾಗ ಇಲ್ಲದವರಿಗೆ ಹೀಗಾಗಿದ್ದರೆ ಅದು ಬೇರೆಯೇ ಕತೆ. ಅದರಲ್ಲಿ ಕೆಟ್ಟವನು ಮೆಷಿನ್ ಆಗಿರೋದಿಲ್ಲ.

ಮೊನ್ನೆಯ ಊಟಕ್ಕೆ ವಾಪಸ್ ಬರುತ್ತೇನೆ. ನಾನು ಎಂದಿನಂತೆ "ನೋಡೋಣ ಬಿಡಿ" ಅಂದೆ. ನೆಂಟರು ಕೈ ಸರಿಸಿದರು. ಹುಡುಗ ಅವರಿಗೆ ಸಾರು ಬಡಿಸಿ ನನ್ನ ಎಲೆಗೆ ಬಂದ. ಅವನಿಗೆ ನಮ್ಮ ಮಾತೆಲ್ಲ ಕೇಳಿಸಿತ್ತು.

"ಸರ್, ಬಡಿಸೋ ರೋಬೋಟ್ ಬಂದಿದ್ಯಂತೆ, ವಿಡಿಯೋದಲ್ಲಿ ನೋಡ್ದೆ" ಅಂದ.

"ಹ್ಞೂಂ, ಕೆಲವು ಹೋಟೆಲಲ್ಲಿ ಇಟ್ಟಿದ್ದಾರೆ" ಅಂದೆ. "ನಿಂಗೆ ಭಯ ಆಗುತ್ತಾ?"

ಅವನು ಸೌಟಿನಿಂದ ಸಾರು ಹಾಕುತ್ತಲೇ ಒಂದು ಕ್ಷಣ ಯೋಚಿಸಿದ. "ಹಿಂದ್ಗಡೆ ಪಾತ್ರೆ ತೊಳೆಯೋಕೆ ಮೊದ್ಲು ಬರ್ಲಿ ಸರ್. ಬಡಿಸೋದು ನಮಗಿರ್ಲಿ."

ಮುಂದಿನ ಎಲೆಯವರು ಆಗಲೇ "ಸಾರು, ಸಾರು" ಅಂತ ಕೂಗುತ್ತಿದ್ದರು. ಅವನು ಹೋದ.