ತಾಯಿ ಮರ ಗೊತ್ತು, ಪರಾಗ ಯಾವ ಮರದ್ದು?

ಮಂಗಳೂರು, ಮಾರ್ಚ್ 8, 2025, ಶನಿವಾರ

ಬೆಳಿಗ್ಗೆ ಮೂರನೇ ಸಾಲಿನ ಅಡಿಕೆ ಮರದ ಹಾಳೆ, ಅಂದರೆ ಸೋಗೆಯ (ಗರಿಯ) ಬುಡದ ಅಗಲ ಭಾಗ, ಬಿತ್ತು. ಅದು ಅಪ್ಪಿಕೊಂಡಿದ್ದ ಜಾಗದಲ್ಲಿ ಹೊಸ ಹಿಂಗಾರ (ಅಡಿಕೆಯ ಹೂಗೊಂಚಲು), ತುಳುವಿನ ಪಿಂಗಾರ, ಇನ್ನೂ ಕವಚದೊಳಗೇ ಇದೆ. ಅಡಿಕೆ ಮರದ ಪ್ರತಿ ಸೋಗೆಯ ಕಂಕುಳಲ್ಲೂ ಹಿಂಗಾರದ ಒಂದು ಮೊಗ್ಗು ಇರುತ್ತದೆ. ಹಾಳೆ ಕಳಚಿ ಬೀಳದೆ ಅದು ಹೊರಗೆ ಬರುವುದಿಲ್ಲ. ಆದ್ದರಿಂದ ಹಸಿ ಹಾಳೆಯನ್ನು ಎಳೆದು ಕೀಳಬಾರದು. ಒಳಗಿನ ಎಳೆ ಕವಚಕ್ಕೆ ಗಾಯವಾದರೆ ಆ ಗೊನೆ ಹೋದಂತೆಯೇ.

ಕವಚ ಉದ್ದಕ್ಕೆ ಸೀಳಿದ ಮೇಲೆ ಒಂದು ಕವಲು ಹಿಡಿದು ನೋಡಿ. ತುದಿಯ ಕಡೆಗೆಲ್ಲ ಅಕ್ಕಿಕಾಳಿನಂಥ ಗಂಡು ಹೂ, ಒಂದು ಹಿಂಗಾರದಲ್ಲಿ ಸಾವಿರಗಟ್ಟಲೆ. ಕವಲಿನ ಬುಡದಲ್ಲಿ ದಪ್ಪ ಹೆಣ್ಣು ಹೂ, ಕೆಲವು ನೂರು ಮಾತ್ರ. ಗಂಡು ಹೂಗಳು ದಿನಕ್ಕಿಷ್ಟು ಅರಳಿ ಉದುರುತ್ತಾ ಮೂರು ನಾಲ್ಕು ವಾರ ನಡೆಯುತ್ತದೆ. ಬುಡದ ಮಣ್ಣಿನ ಮೇಲೆ ಬಿಳಿ ಪುಡಿ ಚೆಲ್ಲಿದ ಹಾಗೆ ಕಾಣುವುದು ಅದೇ. ಹೆಣ್ಣು ಹೂ ಬಿರಿದು ಮೂರು ಸೀಳಿನ ತುದಿ ತೋರಿಸುವ ಹೊತ್ತಿಗೆ ಆ ಹಿಂಗಾರದ ಗಂಡು ಹೂಗಳ ಸರದಿ ಸಾಮಾನ್ಯವಾಗಿ ಮುಗಿದಿರುತ್ತದೆ. ಪರಾಗ ಬೇರೆ ಮರದಿಂದ ಬರಬೇಕು, ಹೆಚ್ಚಾಗಿ ಗಾಳಿಯೇ ತರಬೇಕು. ಜೇನುನೊಣ ಗಂಡು ಹೂವಿಗೆ ಮುತ್ತುತ್ತದೆ ನಿಜ, ಆದರೆ ಅಡಿಕೆಯ ಮಟ್ಟಿಗೆ ಮುಖ್ಯ ಕೆಲಸ ಗಾಳಿಯದ್ದು.

ಬೀಜದಡಿಕೆ ಆರಿಸುವವರು ಇದನ್ನು ಮರೆಯಬಾರದು. ಒಳ್ಳೆಯ ಮರದ ಗೊನೆ ಎಂದು ಇಳಿಸಿಕೊಳ್ಳುತ್ತೇವೆ, ಆದರೆ ಪರಾಗ ಕೊಟ್ಟದ್ದು ಪಕ್ಕದ ಬಡಕಲು ಮರವೂ ಇರಬಹುದು. ದಕ್ಷಿಣ ಕನ್ನಡದ ವಿಟ್ಲದ ಸಂಶೋಧನಾ ಕೇಂದ್ರದ ಸಂಕರ ತಳಿಗಳಿಗೆ ಕವಲುಗಳ ಗಂಡು ಹೂ ಇರುವ ಭಾಗವನ್ನು ಅರಳುವ ಮೊದಲೇ ಕತ್ತರಿಸಿ, ಹಿಂಗಾರಕ್ಕೆ ಚೀಲ ಕಟ್ಟಿ, ಬೇಕಾದ ಮರದ ಪರಾಗವನ್ನು ಕೈಯಾರೆ ಹಾಕಬೇಕಾಗುವುದು ಇದಕ್ಕೇ. ಆ ಸಂಕರ ಮರದ ಅಡಿಕೆಯನ್ನೇ ಮತ್ತೆ ಬಿತ್ತಿದರೆ ಗಿಡಗಳು ಒಂದೇ ಥರ ಬರುವುದಿಲ್ಲ. ಅಗ್ಗಕ್ಕೆ ಸಿಗುತ್ತದೆಂದು ಅಂಥ ಸಸಿ ಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ, ತಪ್ಪು ಗೊತ್ತಾಗುವಾಗ ಐದಾರು ವರ್ಷ ಕಳೆದಿರುತ್ತದೆ.

ತೋಟದ ಮರದಿಂದಲೇ ಬೀಜ ಮಾಡುವುದಾದರೆ ಹತ್ತು ವರ್ಷ ದಾಟಿದ, ಕಾಂಡದ ಗಂಟುಗಳು ಹತ್ತಿರ ಹತ್ತಿರ ಇರುವ, ತಲೆ ತುಂಬ ಸೋಗೆಯಿರುವ, ಹೆಣ್ಣು ಹೂಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕಾಯಿ ಕಚ್ಚುವ ಮರ ಬೇಕು. ಸುತ್ತಲಿನ ಮರಗಳೂ ಚೆನ್ನಾಗಿರುವ, ತೋಟದ ನಡುವಿನ ಮರವಾದರೆ ಒಳ್ಳೆಯದು. ಪೂರ್ತಿ ಹಣ್ಣಾದ, 35 ಗ್ರಾಂಗಿಂತ ಭಾರದ ಅಡಿಕೆಯನ್ನು ನೀರಿಗೆ ಹಾಕಿ. ತೊಟ್ಟು ಮೇಲೆ ಮಾಡಿ ನೆಟ್ಟಗೆ ತೇಲಿದ್ದನ್ನು ಇಟ್ಟುಕೊಂಡು, ಅಡ್ಡ ಬಿದ್ದು ತೇಲಿದ್ದನ್ನು ಸುಲಿಯುವ ರಾಶಿಗೆ ಹಾಕಿ. ಬೀಜಕ್ಕೆ ಇಟ್ಟುಕೊಂಡದ್ದರ ಸಿಪ್ಪೆ ಸುಲಿಯುವುದು, ಅದನ್ನು ಅಂಗಳದಲ್ಲಿ ಒಣಗಿಸುವುದು ಎರಡೂ ಕೂಡದು. ಒಣಗಿದ ಹಾಗೆಲ್ಲ ಒಳಗಿನ ಭ್ರೂಣ ಸಾಯುತ್ತದೆ. ಕೊಯ್ದ ಕೂಡಲೇ ನೆರಳಿನ ಮರಳು ಪಾತಿಯಲ್ಲಿ 5 ಸೆಂಟಿಮೀಟರ್ ಅಂತರಕ್ಕೆ, ತೊಟ್ಟು ಮೇಲೆ ಬರುವಂತೆ ಕೂರಿಸಿ ಮರಳು ಮುಚ್ಚಬೇಕು. ಭ್ರೂಣ ಇರುವುದು ತೊಟ್ಟಿನ ಬದಿಯಲ್ಲಿ, ಮೊಳಕೆ ಒಡೆಯುವುದೂ ಅಲ್ಲಿಂದಲೇ. ತಲೆಕೆಳಗಾಗಿ ಇಟ್ಟರೆ ಮೊಳಕೆ ಬಾಗಿ ಸುತ್ತಿ ಬರಬೇಕಾಗುತ್ತದೆ.

ಆರು ವಾರಕ್ಕೆ ಮೊಳಕೆ ಶುರು, ಮೂರು ತಿಂಗಳಾದರೂ ಕದಲದ್ದನ್ನು ಕಾಯುವುದು ದಂಡ. ಎರಡು ಮೂರು ಎಲೆಯಾದ ಮೇಲೆ 25×15 ಸೆಂಟಿಮೀಟರ್ ಪ್ಲಾಸ್ಟಿಕ್ ಚೀಲಕ್ಕೆ ಬದಲಾಯಿಸಬೇಕು. ಮಣ್ಣು ಏಳು ಪಾಲು, ಹಟ್ಟಿಗೊಬ್ಬರ ಮೂರು, ಮರಳು ಎರಡು. ಚೀಲದ ಅಡಿಯಲ್ಲಿ ತೂತು ಇರಲೇಬೇಕು, ನಮ್ಮ ಜೂನ್ ಮಳೆಗೆ ನೀರು ನಿಂತರೆ ಬೇರು ಕೊಳೆಯುತ್ತದೆ.

ಪರಾಗದ ಮೂಲ ಗೊತ್ತಿಲ್ಲದ ಕೊರತೆಯನ್ನು ಸ್ವಲ್ಪವಾದರೂ ತುಂಬಲು ಅವಕಾಶ ಸಿಗುವುದು ಒಂದರಿಂದ ಒಂದೂವರೆ ವರ್ಷದ ಸಸಿ ಆರಿಸುವಾಗ. ಲೆಕ್ಕ ಹೀಗೆ: ಎಲೆಗಳ ಸಂಖ್ಯೆಯನ್ನು 40ರಿಂದ ಗುಣಿಸಿ, ಸಸಿಯ ಎತ್ತರವನ್ನು ಸೆಂಟಿಮೀಟರಿನಲ್ಲಿ ಕಳೆಯಿರಿ, ಹೆಚ್ಚು ಬಂದಷ್ಟೂ ಸಸಿ ಒಳ್ಳೆಯದು. ಆರು ಎಲೆಯ 90 ಸೆಂಟಿಮೀಟರ್ ಸಸಿಗೆ 150 ಬರುತ್ತದೆ. ನಾಲ್ಕೇ ಎಲೆಯ 110 ಸೆಂಟಿಮೀಟರ್ ಸಸಿಗೆ ಬರುವುದು 50. ನರ್ಸರಿಯಲ್ಲಿ ಕಣ್ಣು ಹೋಗುವುದು ಎತ್ತರದ ಸಸಿಗೇ, ತರಬೇಕಾದದ್ದು ಗಿಡ್ಡ, ದಪ್ಪ ಬುಡದ್ದು.

ಈಗ ತೋಟದಲ್ಲಿ ನಳ್ಳಿ (ಎಳೆ ಅಡಿಕೆ) ಉದುರುವ ಕಾಲ. ಒಂದಷ್ಟು ಉದುರುವುದು ಸಹಜ. ಪರಾಗ ಸಿಗದ ಹೂ ಕಾಯಿ ಕಟ್ಟುವುದಿಲ್ಲ, ಕಟ್ಟಿದ್ದರಲ್ಲೂ ಮರ ತನಗೆ ಸಾಕಲು ಆಗುವಷ್ಟನ್ನೇ ಉಳಿಸಿಕೊಳ್ಳುತ್ತದೆ. ಮಿತಿ ಮೀರಿ ಬಿದ್ದರೆ ಮಾತ್ರ ಹೆಕ್ಕಿ ಕತ್ತರಿಸಿ ನೋಡಬೇಕು. ಮೇಲೆ ಸೂಜಿ ಚುಚ್ಚಿದಂಥ ಕಪ್ಪು ಚುಕ್ಕೆ, ಒಳಗೆ ತಿರುಳು ಕಂದು ಬಣ್ಣವಾಗಿದ್ದರೆ ರಸ ಹೀರುವ ತಿಗಣೆ. ಹಿಂಗಾರದಲ್ಲಿ ಬಲೆ, ಹಿಕ್ಕೆ ಅಂಟಿಕೊಂಡಿದ್ದರೆ ಹುಳು. ಕವಲು ತುದಿಯಿಂದ ಹಳದಿಯಾಗಿ ಬುಡದ ಕಡೆಗೆ ಒಣಗುತ್ತ ಬಂದರೆ ಹಿಂಗಾರ ಒಣಗುವ ಶಿಲೀಂಧ್ರ ರೋಗ, ಒಣಗಿದ ಹಿಂಗಾರ ತೆಗೆದು ಸುಡಬೇಕು. ಯಾವ ಗಾಯವೂ ಇಲ್ಲದೆ ಬಿದ್ದದ್ದಾದರೆ ಮೊದಲು ನೀರಿನ ಕಡೆ ನೋಡಿ. ಮಾರ್ಚ್‌ನಿಂದ ಮೇವರೆಗೆ ಮೂರರಿಂದ ಐದು ದಿನಕ್ಕೊಮ್ಮೆ ಮರಕ್ಕೆ 175 ಲೀಟರ್, ಹನಿ ನೀರಾವರಿಯಾದರೆ ದಿನಕ್ಕೆ 16ರಿಂದ 20 ಲೀಟರ್ ಬೇಕು. ಕಾರಣ ನೋಡದೆ ಕೀಟನಾಶಕ ಹೊಡೆಯುವುದು ದುಡ್ಡಿಗೂ ಜೇನಿಗೂ ನಷ್ಟ.

ಮೂರನೇ ಸಾಲಿನ ಮರಕ್ಕೆ ಇಂದಿನ ದಿನಾಂಕ ಬರೆದ ತಗಡು ಕಟ್ಟಿದ್ದಾಗಿದೆ. ಏಪ್ರಿಲ್ ಮೊದಲ ವಾರದಲ್ಲಿ ಹೆಣ್ಣು ಹೂ ಬಿರಿಯಬೇಕು. ಕಾಯಿ ಕಚ್ಚಿದರೆ ಹಣ್ಣಾಗಲು ಅಲ್ಲಿಂದ ಎಂಟರಿಂದ ಹನ್ನೊಂದು ತಿಂಗಳು.