ಬೆಳಗಿನ ಜಾವದ ಎರಡು ಗಂಟೆ

ಚಿಕ್ಕಬಳ್ಳಾಪುರದ ಒಂದು ಆಸ್ಪತ್ರೆಯಲ್ಲಿ ನಾನು ನಿದ್ರೆ ಪರೀಕ್ಷೆಯ ಟೆಕ್ನಿಷಿಯನ್. ರೋಗಿಯ ತಲೆಗೆ, ಕಣ್ಣಿನ ಪಕ್ಕಕ್ಕೆ, ಗದ್ದಕ್ಕೆ, ಕಾಲಿಗೆ ವೈರು ಅಂಟಿಸಿ, ಎದೆಗೆ ಬೆಲ್ಟು ಕಟ್ಟಿ, ಪಕ್ಕದ ಕೋಣೆಯಲ್ಲಿ ಪರದೆ ನೋಡುತ್ತ ಬೆಳಗು ಮಾಡುವುದು ಕೆಲಸ. ಸೇರಿದ ಎರಡನೇ ವರ್ಷ ನಾನು ಮಾಡಿದ ಒಂದು ತಪ್ಪನ್ನು, ಈ ಕೆಲಸಕ್ಕೆ ಹೊಸದಾಗಿ ಬರುವವರಿಗಾಗಿ ಬರೆಯುತ್ತಿದ್ದೇನೆ.

ಅವರು ಶಿಡ್ಲಘಟ್ಟದ ಕಡೆಯ ರೇಷ್ಮೆ ಬೆಳೆಗಾರರು, ಐವತ್ತರ ಆಸುಪಾಸು. ರಾತ್ರಿ ಎಷ್ಟು ಮಲಗಿದರೂ ಹಗಲೆಲ್ಲ ತೂಕಡಿಕೆ. ಜೊತೆಗೆ ಬಂದಿದ್ದ ಹೆಂಡತಿ, "ಹೊತ್ತು ಹುಟ್ಟೋ ಮುಂಚೆ ಉಸ್ರು ಕಟ್ಕೊಂಡು ಒದ್ದಾಡ್ತಾರೆ" ಅಂದರು. ನಾನು ಫಾರಂನಲ್ಲಿ "ಗೊರಕೆ" ಎಂದಷ್ಟೇ ಬರೆದುಕೊಂಡೆ.

ಅವರ ಚಿಂತೆಯೆಲ್ಲ ಮನೆಯಲ್ಲಿತ್ತು. "ಹುಳ ನಾಕ್ನೇ ಜ್ವರದಿಂದ ಎದ್ದೈತೆ ಸಾರ್, ಐದಕ್ಕೆಲ್ಲ ಸೊಪ್ಪು ಹಾಕ್ಬೇಕು. ಮೂರುವರೆಗೆ ಬಿಟ್ಬಿಡಿ." ಜ್ವರ ಅಂದರೆ ಹುಳು ಚರ್ಮ ಬದಲಿಸಲು ಕದಲದೆ ಕೂರುವ ಹೊತ್ತು. ಹುಳು ತನ್ನ ಬದುಕಿನ ಒಟ್ಟು ಸೊಪ್ಪಿನಲ್ಲಿ ಮುಕ್ಕಾಲಿಗೂ ಹೆಚ್ಚನ್ನು ತಿನ್ನುವುದು ಈ ಕೊನೆಯ ಹಂತದಲ್ಲೇ. ಆಗ ಒಂದು ಹೊತ್ತು ತಪ್ಪಿದರೂ ಗೂಡಿನ ತೂಕಕ್ಕೆ ಪೆಟ್ಟು. ನಾನು ಒಪ್ಪಿದೆ.

ಹನ್ನೊಂದಕ್ಕೆ ನಿದ್ದೆ ಹತ್ತಿತು. ನಾವು ಪ್ರತಿ 30 ಸೆಕೆಂಡಿನ ತುಣುಕನ್ನು ನೋಡಿ ಹಂತ ಗುರುತಿಸುತ್ತೇವೆ. ಕಣ್ಣು ಮುಚ್ಚಿ ಎಚ್ಚರವಾಗಿರುವಾಗ ಸೆಕೆಂಡಿಗೆ 8ರಿಂದ 13 ಸಲ ಏರಿಳಿಯುವ ಆಲ್ಫಾ ಅಲೆ ಇರುತ್ತದೆ. ಅದು ಕರಗಿ 4ರಿಂದ 7ರ ಥೀಟಾ ಬಂದರೆ ಮೊದಲ ಹಂತ, ಜೊಂಪು. ಎರಡನೇ ಹಂತದಲ್ಲಿ ಸ್ಪಿಂಡಲ್ ಕಾಣುತ್ತದೆ: ಅರ್ಧ ಸೆಕೆಂಡಿಗೂ ಮಿಕ್ಕಿ ಒತ್ತೊತ್ತಾಗಿ ಎದ್ದು ಅಡಗುವ ಅಲೆಗಳ ಕದಿರು. ಹೊರಗಿನ ಸದ್ದನ್ನು ಮಿದುಳಿನ ಹೊರಪದರಕ್ಕೆ ದಾಟಿಸುವ ಥಲಾಮಸ್ ಬಾಗಿಲು ಮುಂದೆ ಮಾಡಿಕೊಳ್ಳುವ ಹೊತ್ತು ಅದು. ಆಮೇಲೆ ಗಾಢ ನಿದ್ದೆ. ಹೊರಪದರದ ನರಕೋಶಗಳು ಒಟ್ಟಿಗೆ ಮಿಡಿದು ಒಟ್ಟಿಗೆ ಸುಮ್ಮನಾಗುತ್ತವೆ. ಆ ಒಗ್ಗಟ್ಟಿನಿಂದಲೇ ಪರದೆಯ ಮೇಲೆ 75 ಮೈಕ್ರೊವೋಲ್ಟ್ ಮೀರಿದ, ಸೆಕೆಂಡಿಗೆ ಒಂದೋ ಎರಡೋ ಬರುವ ದೊಡ್ಡ ಡೆಲ್ಟಾ ಅಲೆಗಳು. ಉಸಿರು ತಿದಿಯ ಹಾಗೆ ಸಮವಾಗಿ ಆಡುತ್ತದೆ.

ಅವರ ಡೆಲ್ಟಾ ಚೆನ್ನಾಗಿತ್ತು, ಉಸಿರೂ ಚೆನ್ನಾಗಿತ್ತು. ಮೂರುವರೆಗೆ ವೈರು ಬಿಚ್ಚಿದೆ. ನಾಲ್ಕು ಗಂಟೆಗೂ ಹೆಚ್ಚು ನಿದ್ದೆ ದಾಖಲಾಗಿದೆ, ಸಾಕು ಅನ್ನಿಸಿತ್ತು. ಉಸಿರು ನಿಂತ ಲೆಕ್ಕ ಗಂಟೆಗೆ ಐದಕ್ಕಿಂತ ಕಡಿಮೆ ಬಂತು. ತೊಂದರೆಯಿಲ್ಲ ಎಂದು ವರದಿ ಹೋಯಿತು.

ಎರಡು ತಿಂಗಳಲ್ಲಿ ಅವರು ಮತ್ತೆ ಬಂದರು. ಗಾಡಿ ಓಡಿಸುತ್ತಲೇ ಕಣ್ಣು ಎಳೆದು ರಸ್ತೆ ಬದಿಯ ಚರಂಡಿಗೆ ಇಳಿದಿದ್ದರಂತೆ. ಕೈಗೆ ಪಟ್ಟಿ. ಅವರ ಹೆಂಡತಿ ನನ್ನನ್ನೇ ನೋಡಿ, "ಬೆಳಗಿನ ಜಾವ ಅಂತ ಹೇಳಿದ್ನಲ್ಲ" ಅಂದರು. ಆ ಮಾತು ಇವತ್ತಿಗೂ ಚುಚ್ಚುತ್ತದೆ.

ನಾನು ಓದಿದ್ದೆ, ಆದರೂ ಮರೆತಿದ್ದೆ. ನಿದ್ದೆ ಸುಮಾರು 90 ನಿಮಿಷದ ಸುತ್ತುಗಳಲ್ಲಿ ಸಾಗುತ್ತದೆ, ಆದರೆ ಎಲ್ಲ ಸುತ್ತೂ ಒಂದೇ ಅಲ್ಲ. ಗಾಢ ನಿದ್ದೆ ರಾತ್ರಿಯ ಮೊದಲ ಭಾಗಕ್ಕೆ ಸೇರಿದ್ದು. ಕನಸಿನ ನಿದ್ದೆ, ಅಂದರೆ ರೆಮ್, ಮೊದಲ ಸುತ್ತಿನಲ್ಲಿ ಕೆಲವೇ ನಿಮಿಷ ಇದ್ದು ಬೆಳಗಾಗುತ್ತ ಉದ್ದವಾಗುತ್ತದೆ. ಆಗ ಮಿದುಳಿನ ಗೆರೆ ನೋಡಿದರೆ ಮನುಷ್ಯ ಎಚ್ಚರವಾಗಿದ್ದಾನೆ ಎನ್ನಬೇಕು, ಅಷ್ಟು ಚಟುವಟಿಕೆ. ಕಣ್ಣು ರೆಪ್ಪೆಯೊಳಗೆ ಸರಸರನೆ ಓಡುತ್ತದೆ. ಗದ್ದದ ಸ್ನಾಯುವಿನ ಗೆರೆ ಮಾತ್ರ ಮಟ್ಟಸ. ಮಿದುಳಿನ ಕಾಂಡದಿಂದ ಬರುವ ಆಜ್ಞೆ ಕೈಕಾಲನ್ನೂ ಗಂಟಲನ್ನೂ ಸಡಿಲ ಮಾಡಿಬಿಡುತ್ತದೆ. ಜ್ವರಕ್ಕೆ ಕೂತ ಹುಳುವಿನ ಹಾಗೆ: ತಲೆಯೆತ್ತಿ ಕದಲದೆ ಕೂತಿರುತ್ತದೆ, ಒಳಗೆ ಹೊಸ ಚರ್ಮ ತಯಾರಾಗುತ್ತಿರುತ್ತದೆ. ಉಸಿರೆಳೆಯುವ ಸ್ನಾಯುವಾದ ವಪೆ ಕೆಲಸ ನಿಲ್ಲಿಸುವುದಿಲ್ಲ, ಆದರೆ ಸಡಿಲವಾದ ಗಂಟಲು ಕುಸಿದರೆ ಗಾಳಿಗೆ ದಾರಿಯೆಲ್ಲಿ? ನಿದ್ದೆಯ ಅಲೆಗಳನ್ನು 1937ರಲ್ಲೇ ಹಂತಗಳಾಗಿ ವಿಂಗಡಿಸಿದ್ದರೂ, ಈ ರೆಮ್ ಹಂತವನ್ನು ಆಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ಎಂಬ ಸಂಶೋಧಕರು ಬೇರೆಯಾಗಿ ಗುರುತಿಸಿ ಪ್ರಕಟಿಸಿದ್ದು 1953ರಲ್ಲಿ. ನನ್ನ ತಪ್ಪಿಗೆ ಇದು ನೆಪವಲ್ಲ, ನನಗೆ ಕಲಿಸಿಯೇ ಕೆಲಸಕ್ಕೆ ಕೂರಿಸಿದ್ದರು.

ಎರಡನೇ ಪರೀಕ್ಷೆಗೆ ಅವರು ಗೂಡು ಮಾರಿಕೊಂಡು ನಿಶ್ಚಿಂತೆಯಿಂದ ಬಂದರು. ನಾಲ್ಕೂವರೆಯವರೆಗೂ ಮೊದಲ ಪರೀಕ್ಷೆಯ ರಾತ್ರಿಯದೇ ಚಿತ್ರ. ಆಮೇಲೆ ಗದ್ದದ ಗೆರೆ ಚಪ್ಪಟೆಯಾಯಿತು, ಕಣ್ಣಿನ ಗೆರೆ ಕುಣಿಯಿತು, ಮೂಗಿನ ಗಾಳಿಯ ಗೆರೆ ನಿಂತೇಹೋಯಿತು. 10 ಸೆಕೆಂಡು ನಿಂತರೆ ನಾವು ಎಣಿಸುತ್ತೇವೆ. ಅವರದು 40 ದಾಟಿತು. ರಕ್ತದ ಆಮ್ಲಜನಕ ಶೇಕಡ 78ಕ್ಕೆ ಇಳಿಯಿತು. ಎದೆಯ ಬೆಲ್ಟು ಮಾತ್ರ ಗಾಳಿಗಾಗಿ ಎಳೆದೆಳೆದು ಬೀಳುತ್ತಿತ್ತು. ಮಿದುಳು ಒಂದು ಕ್ಷಣ ಎಚ್ಚರಕ್ಕೆ ಬಂದು ಉಸಿರು ಎಳೆಸುವುದು, ಮತ್ತೆ ಮುಳುಗುವುದು. ಆರು ಗಂಟೆಯವರೆಗೆ ಹೀಗೇ. ಅವರಿಗೆ ಇದೊಂದೂ ನೆನಪಿರಲಿಲ್ಲ.

ಈಗ ಅವರು, ಗಾಳಿಯ ಒತ್ತಡದಿಂದ ಗಂಟಲು ಕುಸಿಯದಂತೆ ತಡೆಯುವ ಸಿಪ್ಯಾಪ್ ಯಂತ್ರ ಹಾಕಿಕೊಂಡು ಮಲಗುತ್ತಾರೆ. ನಾನು ಮನೆಯವರ ಮಾತನ್ನು ಗಂಟೆಯ ಸಮೇತ, ಅವರದೇ ಪದಗಳಲ್ಲಿ ಬರೆದುಕೊಳ್ಳುತ್ತೇನೆ. ಆರಕ್ಕೆ ಮುಂಚೆ ವೈರು ಬಿಚ್ಚುವುದಿಲ್ಲ. ಶಿಡ್ಲಘಟ್ಟ, ಚಿಂತಾಮಣಿ ಕಡೆಯಿಂದ ಫೋನ್ ಬಂದರೆ ದಿನಾಂಕ ಕೊಡುವ ಮುಂಚೆ ಕೇಳುತ್ತೇನೆ: ಹುಳ ಎಷ್ಟನೇ ಜ್ವರದಲ್ಲಿದೆ?