ದಿವಾರ್ ದ್ವೀಪದಲ್ಲಿ ಬಾಟಲಿ ಬೇಟೆ

ಹುಬ್ಬಳ್ಳಿಯಿಂದ ಅನಮೋಡ ಘಾಟಿ ಇಳಿದು ವಾಸ್ಕೋದ ಸೋದರಮಾವನ ಮನೆ ಸೇರುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಅವರ ಓಣಿಯಲ್ಲಿ ಕೊಂಕಣಿಗಿಂತ ನಮ್ಮ ಕಡೆಯ ಕನ್ನಡವೇ ಜಾಸ್ತಿ ಕೇಳುತ್ತದೆ. ಮಾವನ ಮಗ ಟೆಕ್ಸಾಸ್‌ನಿಂದ ರಜೆಗೆ ಬಂದಿದ್ದ. ಚಾಕೊಲೇಟ್ ಜೊತೆಗೆ ಮೀನು ಹೊಡೆಯುವ ಬಿಲ್ಲನ್ನೂ ತಂದಿದ್ದ, ಮೂರು ತುಂಡು ಬಿಚ್ಚಿ, ಬಟ್ಟೆ ನಡುವೆ ಇಟ್ಟು.

"ಅರ್ಜುನ ಬಂದಾನ ನೋಡಪಾ, ದ್ರೌಪದಿ ಎಲ್ಲಿ ಅಂತ ಕೇಳಿದ್ರ ಮಾತ್ರ ಉತ್ತರ ಇಲ್ಲ" ಅಂದರು ಅತ್ತೆ.

ಮರುದಿನ ಬೆಳಿಗ್ಗೆ ಜುವಾರಿ ಸೇತುವೆ ದಾಟಿ, ಹಳೇ ಗೋವಾದಲ್ಲಿ ಫೆರಿ ಹತ್ತಿದೆವು. ಮಾಂಡೋವಿಯ ಆಚೆ ದಡವೇ ದಿವಾರ್. ಉಪ್ಪುನೀರು ನುಗ್ಗದಂತೆ ಬದು ಹಾಕಿದ ಗದ್ದೆಗೆ ಕುಮಟಾ ಕಡೆ ಗಜನಿ ಅಂತಾರಲ್ಲ, ಇಲ್ಲಿ ಅದು ಖಾಜಾನ್. ಅದೇ ಬದು, ಅದೇ ತೂಬು. ಮಾವನ ಗೆಳೆಯರ ಗದ್ದೆ ಪಕ್ಕ ಒಂದು ಹೊಂಡವಿತ್ತು, ಅವರನ್ನು ಕೇಳಿಯೇ ಹೋಗಿದ್ದೆವು.

ಮೀನಿಗೆ ಬೇಡ ಅಂದ ಅವನು. ಗಾಳದ ಮೀನನ್ನು ವಾಪಸ್ ಬಿಡಬಹುದು, ಬಾಣ ಬಿದ್ದ ಮೀನನ್ನು ಬಿಡೋಕಾಗಲ್ಲ. ಟೆಕ್ಸಾಸ್‌ನಲ್ಲಿ ಅವನು ಹೊಡೆಯುವುದು ಕಾರ್ಪ್ ಮತ್ತು ಗಾರ್ ಅನ್ನೋ ಮೀನು. ಇಲ್ಲಿ ನಮ್ಮ ಪಾಲಿಗೆ ಬಂದದ್ದು ಮರಳು ತುಂಬಿ ಮುಳುಗಿಸಿದ ನೀರಿನ ಬಾಟಲಿ.

ಬಿಲ್ಲು 40 ಪೌಂಡಿನದು, ಪೂರ್ತಿ ಎಳೆದರೆ 18 ಕಿಲೋ ಎತ್ತಿದಷ್ಟು ಭಾರ. ಹೊಸಬರಿಗೆ ಇದೇ ಸಾಕಂತೆ, ಸುಮ್ನೆ ದುಬಾರಿ ಬಿಲ್ಲು ಕೊಳ್ಳಬೇಡಿ. ಬಾಣ ಮಾತ್ರ ಬೇರೆ ಥರ: ಫೈಬರ್‌ಗ್ಲಾಸ್, ಕೈಗೆ ಭಾರ, ಹಿಂದೆ ಗರಿಯೇ ಇಲ್ಲ, ಮುಂದೆ ಹಿಂಬಾಗಿದ ಮುಳ್ಳು. ಬಿಲ್ಲಿಗೆ ಒಂದು ಪ್ಲಾಸ್ಟಿಕ್ ಬಾಟಲಿ ಸಿಕ್ಕಿಸಿದ್ದ, ಅದೇ ರೀಲು. 200 ಪೌಂಡ್ ತಡೆಯುವ ದಾರ ಅದರೊಳಗೆ ಸಡಿಲವಾಗಿ ಬಿದ್ದಿರುತ್ತದೆ, ಬಾಣದ ಜೊತೆ ತಾನೇ ಹೊರಗೆ ಓಡುತ್ತದೆ.

ಅವನು ನನಗೆ ಎರಡೆರಡು ಸಲ ತೋರಿಸಿದ್ದು ಮಾತ್ರ ಬಾಣದ ಮೇಲೆ ಜಾರುವ ಒಂದು ಪುಟ್ಟ ತುಂಡನ್ನು, ಬೆರಳುಗುರಿನಷ್ಟೂ ಇಲ್ಲ. ಸೇಫ್ಟಿ ಸ್ಲೈಡ್. ದಾರ ಕಟ್ಟುವುದು ಇದಕ್ಕೇ. ಬಾಣದ ಹಿಂತುದಿಗೇ ನೇರ ಕಟ್ಟಿದರೆ ದಾರ ಹೆದೆಗೆ ಸಿಕ್ಕಿಕೊಳ್ಳಬಹುದು, ಸಿಕ್ಕರೆ ಬಾಣ ಚಿಮ್ಮಿ ಬಿಟ್ಟವನ ಮುಖಕ್ಕೇ ವಾಪಸ್. ಸ್ಲೈಡ್ ಇದ್ದರೆ ದಾರ ಬಿಲ್ಲಿನ ಮುಂದೆಯೇ ಇರುತ್ತದೆ, ಬಾಣ ಹಾರಿದ ಮೇಲೆ ಹಿಂದಕ್ಕೆ ಜಾರುತ್ತದೆ. ಇಷ್ಟು ಸಣ್ಣದನ್ನು ಬಿಟ್ಟು ಬಿಲ್ಲಿಗೆ ದುಡ್ಡು ಸುರಿಯುವವರೇ ಹೆಚ್ಚು ಅಂತ ಅವನ ದೂರು.

ಆಮೇಲೆ ಕನ್ನಡಕ. ನನ್ನ ಮಾಮೂಲಿ ಕಪ್ಪು ಕನ್ನಡಕದಲ್ಲಿ ಹೊಂಡದ ತುಂಬ ಬರೀ ಆಕಾಶ. ನೀರಿನ ಮೇಲಿನ ಹೊಳಪು ತಡೆಯುವ ಅವನ ಪೋಲರೈಸ್ಡ್ ಕನ್ನಡಕ ಹಾಕಿದ್ದೇ ತಡ, ಬಾಟಲಿಯ ನೀಲಿ ಮುಚ್ಚಳ ಸ್ಪಷ್ಟವಾಗಿ ಕಂಡಿತು. ಅಲ್ಲಿಗೇ ಗುರಿಯಿಟ್ಟೆ. ಬಾಣ ಮೇಲಿಂದ ಹೋಯಿತು! 4 ಅಡಿ ಆಳ ಮೇಲಿಂದ 3 ಅಡಿಯಂತೆ ಕಾಣುತ್ತದೆ, ಅದಕ್ಕೇ ಕಾಣುವುದಕ್ಕಿಂತ ಕೆಳಗೆ ಹೊಡೆಯಬೇಕು. ಗೊತ್ತಿದ್ದರೂ ಕೈ ಒಪ್ಪಲ್ಲ ಅಲ್ವಾ.

ಎರಡನೇ ಬಾಣ ಕೆಸರಿನಲ್ಲಿ ಹೂತಿತು. "ಗ್ಲೌಸ್ ಹಾಕ್ಕೋ" ಅಂತ ಅವನು ಹೇಳುತ್ತಿರುವಾಗಲೇ ದಾರ ಹಿಡಿದು ಎಳೆದೆ, ತೋರುಬೆರಳು ಕೊಯ್ದುಕೊಂಡಿತು. ಹತ್ತನೆಯದಕ್ಕೋ ಹನ್ನೊಂದನೆಯದಕ್ಕೋ ಬಾಟಲಿ ತೂತಾಯಿತು, ಹೊಡೆದವನು ಅವನು.

ವಾಪಸಾಗುವಾಗ ವಾಸ್ಕೋ ಮಾರ್ಕೆಟ್‌ನಲ್ಲಿ ಬಂಗುಡೆ ಕೊಂಡೆವು. ರಾತ್ರಿ ಅತ್ತೆ ಮಾಡಿದ ಸಾರು ಖಾರವೋ ಖಾರ, ಕೊಯ್ದ ಬೆರಳಿಗೆ ಅನ್ನ ಕಲಸೋಕಾಗಲಿಲ್ಲ, ಚಮಚ ಕೇಳಿದೆ. ಮಾವ ಅರ್ಧ ಗಂಟೆ ನಕ್ಕರು.